ಐದು ಅಮಾವಾಸ್ಯೆಯ ಹರಕೆ

"ನೀವು ಯಾರ್ರಿ?"

ಮಸೂತಿ ಎಂಬ ಊರಿನ ಆ ಮನೆಯ ಹೊಸ್ತಿಲಲ್ಲೇ ಶೈಲಶ್ರೀ ಕಲ್ಲಾದಳು. ಮದುವೆಯ ಮಾತು ಕೊಟ್ಟವನು ಕೇಳುವ ಮಾತೇ ಇದು?

ವಿಜಾಪುರದ ಆಸ್ಪತ್ರೆಯಲ್ಲಿ, ಇಬ್ಬರೂ ನಿಲ್ಲುತ್ತಿದ್ದ ಏಡ್ಸ್ ಗುಳಿಗೆಯ ಸಾಲಿನಲ್ಲಿ ಸಿಕ್ಕವನು ಸಿದ್ದಾರೂಢ. ಅವಳು ಗಂಡನನ್ನು ಕಳೆದುಕೊಂಡವಳು, ಅವನು ಹೆಂಡತಿಯನ್ನು. "ದೀಪಾವಳಿ ಮುಗದ ಮ್ಯಾಲ ನಿಮ್ಮಪ್ಪನ್ನ ಕೇಳಾಕ ಬರ್ತೇನಿ" ಎಂದಿದ್ದ. ಬರಲಿಲ್ಲ. ಮೂರು ತಿಂಗಳಿಂದ ಸಾಲಿನಲ್ಲೂ ಇಲ್ಲ!

"ಒಲ್ಲೆ ಅಂದ್ರ ಒಲ್ಲೆ ಅನ್ರಿ! ನಾಟಕ ಯಾಕ?"

ಅಂಗಿಯ ಒಂದೇ ಗುಂಡಿಗೆ ಅವನ ಬೆರಳುಗಳು ತಡವರಿಸುತ್ತಿದ್ದವು. ಹಣೆ ತುಂಬ ಅಂಗಾರದ ಬೂದಿ.

ತಾಯಿ ಗುಂಡವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಎಲ್ಲಾ ಮರಿಯಾಕತ್ತಾನ. ಗಾಳಿ ಸೋಕೈತಿ ಯವ್ವಾ... ದೇವರ ಅಂಗಾರ ಹಚ್ಚೇವಿ. ಐದು ಅಮಾಸಿ ತನಕ ಔಷಧ ಮುಟ್ಟಬಾರದಂತ. ಮೂರು ಆದುವು."

"ಗುಳಿಗಿ ಬಿಡಿಸೀರೇನ್ರಿ ಅತ್ತಿ?!"

"ಅದು ರಗತದ ಬ್ಯಾನಿಗೆ. ಇದು ತಲಿದು... ಬ್ಯಾರೆ ಅಲ್ಲೇನು?"

ಶೈಲಶ್ರೀಯ ಸಿಟ್ಟೆಲ್ಲ ಅಂಜಿಕೆಯಾಯಿತು. ಅಂದೇ ಜೀಪು ಮಾಡಿಸಿ ಇಬ್ಬರನ್ನೂ ಆಸ್ಪತ್ರೆಗೆ ಕರೆದೊಯ್ದಳು.

"ಬ್ಯಾರೆ ಅಲ್ರಿ ಅವ್ವಾರ," ಎಂದರು ಡಾಕ್ಟರು, ಪರೀಕ್ಷೆಗಳೆಲ್ಲ ಮುಗಿದ ಮೇಲೆ. "ಆ ರೋಗ ಮಿದುಳಿಗೂ ಏರತೈತಿ. ಮರವು, ಕೈ ನಡುಕ... ಗುಳಿಗಿ ತಪ್ಪದಂಗ ತಗೊಂಡ್ರ ಭಾಳ ಮಂದಿ ಸುಧಾರಿಸ್ತಾರ. ಎಲ್ಲಾ ನೆನಪು ತಿರುಗಿ ಬರತೈತಿ ಅಂತ ಮಾತ್ರ ನಾ ಹೇಳಂಗಿಲ್ಲ."

ಬರದಿದ್ದರೆ? ಎಲ್ಲಾ ಬಂದು ನಾನೊಬ್ಬಳೇ ಬರದಿದ್ದರೆ? ಶಿವನೇ... ನಾಳೆ ನನ್ನ ತಲೆಗೂ...?

ತನ್ನೂರು ಹೂವಿನ ಹಿಪ್ಪರಗಿಯಿಂದ ವಾರವಾರ ಮಸೂತಿಗೆ ಬಸ್ಸು ಹತ್ತಿದಳು. ಪ್ರತಿ ಸಲ ಅವಳು ಹೊಸ್ತಿಲು ದಾಟುವಾಗಲೂ ಅವನು ಸುಮ್ಮನೆ ನೋಡುತ್ತಿದ್ದ, ಬಂದ ಯಾರನ್ನೋ ನೋಡುವ ಹಾಗೆ.

ಗುಂಡವ್ವ ಮಾತ್ರ ಬದಲಾಗಿದ್ದಳು. "ದೇವರಿಗೆ ತಪ್ಪು ಕಾಣಿಕಿ ಹಾಕೇನಿ ತಂಗಿ. ಬೇಕಾದ್ರ ನನ್ನ ಮ್ಯಾಲ ಸಿಟ್ಟಾಗಲಿ, ಗುಳಿಗಿ ಬಿಡಂಗಿಲ್ಲ!"

ಗುಳಿಗೆ ಮತ್ತೆ ಸುರುವಾದ ಐದನೆಯ ತಿಂಗಳು, ಒಂದು ಮಧ್ಯಾಹ್ನ.

"ಶೈಲಶ್ರೀ, ಚಾ ಆರಾಕತ್ತೈತಿ ನೋಡ್ರಿ."

ಅವನ ಬಾಯಲ್ಲಿ ತನ್ನ ಹೆಸರು! ಕಣ್ಣು ತುಂಬಿ ಅವನ ಮುಖವೇ ಮಸುಕಾಯಿತು.

"ಅಳಬ್ಯಾಡ್ರಿ. ನಾ ಪೂರಾ ನೆಟ್ಟಗಾಗಿಲ್ಲ. ಮನಸು ನಿಮ್ಮ ಮ್ಯಾಲ ಐತಿ, ಖರೇ... ಮತ್ತ ಮರತ್ರ?"

"ಬೈತೇನಿ."

"ದಿನಾ ಮರತ್ರ?"

"ದಿನಾ ಬೈತೇನಿ. ಬೈಸ್ಕೊಳ್ಳಾಕ ಒಂದ ಮನ್ಯಾಗ ಇರಬೇಕಾಗತೈತಿ ಮತ್ತ!"

ಅವನು ನಕ್ಕ. ಅವಳು ನಗಲಾರದೆ ಕೇಳಿದಳು, "ನನ್ನ ತಲಿಗೂ ಏರಿದ್ರ?"

ನಡುಗುವ ಕೈ ಅವಳ ಕೈಯನ್ನು ಹಿಡಿಯಿತು.

"ಆವಾಗ ಬೈಯೂ ಪಾಳಿ ನಂದು."