ಎಡಗೈಯ ಕಸಿಚಾಕು

“ಆ ಚಾಕು ನಿಮಗೆ ಕೊಡಲ್ಲ... ಅದು ನಿಮ್ಮ ಕೈಗಲ್ಲ.”

ಚಾಕಿನಿಂದ ಮಾವಿನ ಕಡ್ಡಿ ಕೊಯ್ದು ನೋಡುತ್ತಿದ್ದ ಮಮತಳ ಎಡಗೈ ಅರ್ಧದಲ್ಲೇ ನಿಂತಿತು. ಅನುಗೊಂಡನಹಳ್ಳಿಯ ಆ ತಗಡಿನ ಶೆಡ್ಡಿನಲ್ಲಿ ಕುಲುಮೆಯ ಬಿಸಿಗಿಂತ ಹೆಚ್ಚಾಗಿ ಅವಳ ಮುಖ ಸುಟ್ಟಿತು.

ಅವಳು ಸಮೇತನಹಳ್ಳಿಯ ನರ್ಸರಿಯೊಂದರಲ್ಲಿ ಮಾವಿನ ಸಸಿಗಳಿಗೆ ಕಸಿ ಕಟ್ಟುವವಳು. ಜೊತೆಯಲ್ಲಿ ದುಡಿಯುವ ಮುನಿಗಂಗಮ್ಮನ ಬಳಿ ಹೊಸ ಚಾಕೊಂದನ್ನು ಕಂಡಿದ್ದಳು. ಕಡ್ಡಿಯನ್ನು ಜಜ್ಜದೆ, ಒಂದೇ ಎಳೆತಕ್ಕೆ ಕೊಯ್ಯುತ್ತಿತ್ತು. ಮಾಡಿದವನ ಗುರುತು ಅದರ ಮೇಲಿರಲಿಲ್ಲ. ಕೇಳಿ ತಿಳಿದು, ಬಸ್ಸು ಹಿಡಿದು ಬಂದಿದ್ದಳು.

ಕೊಡಲ್ಲ ಎಂದ ಈತನೇ ಅದನ್ನು ಮಾಡಿದ ಭೀಮರಾಜ್. ಹೊಸಕೋಟೆಯ ಕಾರ್ಖಾನೆಯೊಂದರಲ್ಲಿ ಉಕ್ಕು ಕಾಯಿಸಿ ಹದ ಮಾಡುವುದನ್ನು ಕಲಿತವನು. ಅದನ್ನು ಬಿಟ್ಟು, ಹಳೆಯ ಲಾರಿಗಳ ಸ್ಪ್ರಿಂಗ್ ಪಟ್ಟಿಯಿಂದ ಚಾಕು ಮಾಡತೊಡಗಿ ಇನ್ನೂ ವರ್ಷ ತುಂಬಿರಲಿಲ್ಲ.

ಬರುವಾಗ ಅವಳಿಗೆ ಎಷ್ಟು ಆಸೆಯಿತ್ತು! ಅವಳು ಕಟ್ಟಿದ ಕಸಿಗಳಲ್ಲಿ ಅರ್ಧಕ್ಕರ್ಧ ಒಣಗುತ್ತಿದ್ದವು. ಸೋಮವಾರ ಕಟ್ಟುವ ಸಸಿಗಳೂ ಒಣಗಿದರೆ ಕಸಿಯ ಮೇಜು ಬಿಟ್ಟು ಮಣ್ಣು ತುಂಬುವ ಕೆಲಸಕ್ಕೆ ಹೋಗಬೇಕೆಂದು ಮಾಲೀಕ ಹರಿಪ್ರಸಾದ್ ಹೇಳಿಬಿಟ್ಟಿದ್ದರು.

“ಯಾಕೆ ಕೊಡಲ್ಲ?”

“ನೀವು ಎಡಗೈನೋರು. ಅದಕ್ಕೆ...”

ಮುಂದಿನ ಮಾತಿಗೆ ಅವಳು ನಿಲ್ಲಲಿಲ್ಲ. ಹೆಣ್ಣು ನೋಡಲು ಬಂದು, ಎಡಗೈಯಲ್ಲಿ ಕಾಫಿ ಲೋಟ ಕೊಟ್ಟಳೆಂಬ ಕಾರಣಕ್ಕೆ ಸಂಬಂಧ ಬೇಡವೆಂದು ಎದ್ದುಹೋದವರ ಮುಖವೇ ಅವನಲ್ಲಿ ಕಂಡಿತು. ‘ಇವನೂ ಅಷ್ಟೇ...’

ಆಮೇಲಿನ ದಿನಗಳಲ್ಲಿ ಅವಳಿಗೆ ಕೂತರೂ ನಿಂತರೂ ನೆಮ್ಮದಿಯಿರಲಿಲ್ಲ. ಬಲಗೈಯಲ್ಲಿ ಕೊಯ್ಯಲು ಹೋಗಿ ಕಡ್ಡಿಗಳನ್ನು ಸೀಳಿದಳು. ಅವನನ್ನು ಮನಸ್ಸಿನಲ್ಲೇ ಬಯ್ಯುವಾಗಲೂ, ಅವನು ತನ್ನ ಕೈಯನ್ನು ನೋಡುತ್ತಿದ್ದ ರೀತಿ ನೆನಪಾಗುತ್ತಿತ್ತು. ಅಷ್ಟು ಗಮನವಿಟ್ಟು ಆ ಕೈಯನ್ನು ಯಾರೂ ನೋಡಿರಲಿಲ್ಲ... ಅದೇ ಹೆಚ್ಚು ಕಾಡಿತು.

ಸೋಮವಾರ ಬೆಳಿಗ್ಗೆ ಮುನಿಗಂಗಮ್ಮ ಪೇಪರಿನಲ್ಲಿ ಸುತ್ತಿದ ಚಾಕೊಂದನ್ನು ಮೇಜಿನ ಮೇಲಿಟ್ಟಳು. ಮಮತ ಮುಖ ತಿರುಗಿಸಿದಳು.

“ಆ ಹುಡುಗ ನಮ್ಮನೆ ಹುಡುಕ್ಕೊಂಡು ಬಂದಿದ್ದ ಕಣೇ. ನಾವು ಕೊಯ್ಯೋ ಚಾಕೆಲ್ಲಾ ಒಂದೇ ಮಗ್ಗುಲು ಮಸೆದಿರೋದಂತೆ, ಬಲಗೈನೋರಿಗೆ. ಎಡಗೈಲಿ ಹಿಡಿದ್ರೆ ಜಾರಿ ಡೊಂಕಾಗುತ್ತಂತೆ. ಇದು ಆ ಕಡೆ ಮಗ್ಗುಲು ಮಸೆದಿರೋದು, ನಿನಗೇ ಅಂತ. ಹೇಳೋಕ್ ಮುಂಚೆನೇ ಬಸ್ ಹತ್ತಿಬಿಟ್ಯಂತಲ್ಲ, ಮಹಾರಾಣಿ.”

ಮಮತ ಒಂದು ಕಡ್ಡಿ ತೆಗೆದುಕೊಂಡು ಎಳೆದಳು. ಕೊಯ್ದ ಮೈ ಗಾಜಿನಂತೆ ಸಮನಾಗಿತ್ತು. ಇಷ್ಟು ವರ್ಷ ತಪ್ಪು ತನ್ನ ಕೈಯದೇ ಎಂದು ನಂಬಿದ್ದಳಲ್ಲ... ಕಣ್ಣು ತುಂಬಿ ಕಡ್ಡಿ ಮಸುಕಾಯಿತು.

ಕಸಿ ಹಿಡಿಯಿತೇ ಎಂದು ತಿಳಿಯಲು ಮೂರು ವಾರ ಕಾಯಬೇಕು. ದಿನಕ್ಕೆ ಹತ್ತು ಸಲ ಅವಳು ಆ ಸಾಲುಗಳ ನಡುವೆ ನಡೆದಳು. ಅವನ ಬಳಿ ಹೋಗಬೇಕೆನಿಸುತ್ತಿತ್ತು. ಆದರೆ ಇವೂ ಒಣಗಿದರೆ ಯಾವ ಮುಖ ಹೊತ್ತು ಹೋಗುವುದು?

ಒಂದು ಬೆಳಿಗ್ಗೆ ಸಾಲಿನುದ್ದಕ್ಕೂ ತಾಮ್ರದ ಬಣ್ಣದ ಚಿಗುರು ಮೂಡಿತ್ತು. ಮೇಜು ನಿನ್ನದೇ ಎಂದು ಹರಿಪ್ರಸಾದ್ ಹೇಳಿದ್ದನ್ನು ಅರ್ಧ ಕೇಳಿಸಿಕೊಂಡು, ಮಧ್ಯಾಹ್ನದ ಬಸ್ಸಿಗೆ ಅವಳು ಅನುಗೊಂಡನಹಳ್ಳಿಗೆ ಹೊರಟಳು.

“ಹಿಡ್ಕೊಂತು,” ಎಂದಳು ಬಾಗಿಲಲ್ಲೇ ನಿಂತು. “ಹೆಚ್ಚುಕಮ್ಮಿ ಎಲ್ಲಾನೂ.”

ಭೀಮರಾಜ್ ನಕ್ಕ. ಚಾಕು ಮಸೆದುಕೊಡಲು ಕೈ ನೀಡಿದಾಗ, ಅವನ ಬಲ ಹೆಬ್ಬೆರಳಿನ ತುಂಬ ಮಾಯುತ್ತಿದ್ದ ಗಾಯದ ಗೆರೆಗಳನ್ನು ಅವಳು ಕಂಡಳು.

“ಇದೇನಾಯ್ತು?”

“ನಿಮ್ಮ ಕೈ ಹೆಂಗೆ ಕೊಯ್ಯುತ್ತೆ ಅಂತ ನನಗೂ ಗೊತ್ತಾಗ್ಬೇಕಿತ್ತಲ್ಲ. ಎಡಗೈಲಿ ಕೊಯ್ದು ನೋಡ್ತಿದ್ದೆ.” ಅವನು ತಲೆ ತಗ್ಗಿಸಿದ. “ಮೂರು ಚಾಕು ಸರಿಬರ್ಲಿಲ್ಲ. ನಾಲ್ಕನೇದು ಕಳಿಸ್ದೆ.”

ಅವನು ಮಸೆದು, ಒರೆಸಿ, ಚಾಕನ್ನು ಅವಳೆದುರಿನ ನೆಲದ ಮೇಲಿಡಲು ಬಾಗಿದ.

“ಕೈಗೇ ಕೊಡಿ,” ಎಂದು ಅವಳು ಎಡಗೈ ಚಾಚಿದಳು.

“ಚಾಕು ಕೈಗೆ ಕೊಟ್ರೆ ಜಗಳ ಆಗುತ್ತೆ ಅಂತಾರೆ ಕಣ್ರೀ. ನಿಮ್ಮ ಜೊತೆ ನನಗೆ ಜಗಳ ಬೇಡ.”

ಮಮತ ಎಡಗೈಯನ್ನು ಹಿಂದೆ ತೆಗೆಯಲಿಲ್ಲ.

“ಆಗ್ಲಿ ಬಿಡಿ... ಒಂದೇ ಮನೇಲಿ ಇರೋರು ಜಗಳ ಆಡ್ದೆ ಇರ್ತಾರಾ?”