ತನಗೆ ತಾನೇ ಬರೆದ ಮೇಲ್

"ಇ... ಇದು ನಿಮ್ದಾ ರೀ?"

ಪ್ರಿಂಟರಿನಿಂದ ಆಗಷ್ಟೇ ಬಂದ ಹಾಳೆಯನ್ನು ಪರಮೇಶ್ ಮುಂದೆ ಹಿಡಿದಿದ್ದ. ಮೊದಲ ಸಾಲು ಕಂಡದ್ದೇ ತಡ, ಸಂಘಮಿತ್ರಾಳ ಜೀವ ಬಾಯಿಗೆ ಬಂತು!

'ಪರಮೇಶ್ ಅವರೇ, ನಿಮಗೆ ಮುಖ ತೋರಿಸಲು ನಾಚಿಕೆಯಾಗುತ್ತದೆ...'

ಅಯ್ಯೋ! ಇದು ಇವರ ಕೈಗೆ ಹೇಗೆ ಬಂತು?

ನ್ಯಾಮತಿ ಬಸ್ ಸ್ಟ್ಯಾಂಡ್ ಎದುರಿನ ಆನ್‌ಲೈನ್ ಸೆಂಟರಿನಲ್ಲಿ ಅರ್ಜಿ ತುಂಬುವುದು ಅವಳ ಕೆಲಸ, ಸಾಲಿನವರ ನಂಬರ್ ಕೂಗಿ ಪ್ರಿಂಟ್ ತೆಗೆದುಕೊಡುವುದು ಮಾತು ಉಗ್ಗುವ ಪರಮೇಶನದು. "ಹೊಸ ಮೇಲ್ ಸರ್ವೀಸ್ ಬಂದೈತಮ್ಮ, ಮೊದ್ಲು ನೀನೊಂದು ಖಾತೆ ತೆರೆದು ನೋಡು" ಎಂದು ಮಾಲೀಕ ಹನುಮಂತಪ್ಪ ಹೇಳಿದ್ದ. ಅವಳು ಖಾತೆ ತೆರೆದು, ಪರಮೇಶನಿಗೆ ಹೇಳಲಾಗದ್ದನ್ನೆಲ್ಲ ಬರೆದು, ಪರೀಕ್ಷೆಗೆಂದು ಅದನ್ನು ತನಗೆ ತಾನೇ ಕಳಿಸಿದ್ದಳು. ನನ್ನದು ನನಗೇ ತಾನೇ ಬರೋದು ಎಂಬ ಧೈರ್ಯ!

ಆದರೆ ಗಿರಾಕಿಗಳಿಗೆ ಮೇಲ್ ನೋಡಲು ಬರುವುದಿಲ್ಲವೆಂದು, ಯಾರ ಖಾತೆ ತೆರೆದರೂ ಅದಕ್ಕೆ ಬಂದ ಮೇಲ್‌ನ ಒಂದು ನಕಲು ಸೆಂಟರಿನ ಖಾತೆಗೂ ಬರುವಂತೆ ಮಾಡುವುದು ಅಲ್ಲಿನ ರೂಢಿ. ಕೈ ಅಭ್ಯಾಸಬಲದಿಂದ ಅವಳ ಖಾತೆಗೂ ಅದನ್ನೇ ಮಾಡಿತ್ತು. ಬಂದದ್ದನ್ನೆಲ್ಲ ಪ್ರಿಂಟ್ ಹೊಡೆಯುವುದು ಪರಮೇಶನ ಅಭ್ಯಾಸ.

"ನನ್ ಪಿಂಚಣಿ ಕಾಗ್ದ ಬಂದೈತೇನವ್ವಾ?" ಎಂದು ಸಾಲಿನಲ್ಲಿದ್ದ ಅಜ್ಜಮ್ಮ ಕತ್ತು ಚಾಚಿದರು.

ಪರಮೇಶ್ ಹಾಳೆ ಮಡಚಿ ಸಂಘಮಿತ್ರಾಳ ಕೈಗಿಟ್ಟ. ಅವಳು ಬ್ಯಾಗ್ ಎತ್ತಿಕೊಂಡು ಹೊರಗೆ ಓಡಿದಳು. ಅವನೂ ಹಿಂದೆಯೇ ಬಂದ.

"ನಾಳೆಯಿಂದ ನಾನು ಬರಲ್ಲ ರೀ..."

"ಯಾ... ಯಾಕ್ರೀ? ನನ್ ಹೆಸ್ರು ಕಂಡ್ತು, ನಿಲ್ಲಿಸಿಬಿಟ್ಟೆ. ಮುಂದಕ್ಕೆ ಓದಿಲ್ಲ. ನಿಮ್ ಕಾಗ್ದ ಅದು."

ಓದಿಲ್ಲ! ಹಾಗಾದರೆ ಹರಿದು ಹಾಕಿದರೆ ಮುಗಿಯಿತು. ನನ್ನ ಸಣ್ಣತನ ಇವರಿಗೆ ಎಂದಿಗೂ ಗೊತ್ತಾಗುವುದಿಲ್ಲ... ಆದರೆ ಇವರ ಮುಖವನ್ನು ನೋಡಿಕೊಂಡು ದಿನಾ ಹೇಗೆ ಬದುಕಲಿ?

"ಹೋದ ವಾರ ಒಬ್ಬ ಗಿರಾಕಿ ಅಂದ್ನಲ್ರೀ... 'ಇವ್ನು ನಂಬರ್ ಕೂಗೋದ್ರೊಳಗೆ ಶಿವಮೊಗ್ಗ ಬಸ್ಸೇ ಹೊರಟೋಗ್ತೈತೆ' ಅಂತ. ಎಲ್ರೂ ನಕ್ರು. ನಾನೂ... ನಾನೂ ನಕ್ಕೆ. ನಿಮ್ಮನ್ನ ಅಷ್ಟು ಇಷ್ಟಪಡೋಳು, ನಾನೇ ನಕ್ಕೆ!"

ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಗೊ... ಗೊತ್ತೈತೆ. ಕೇಳಿಸ್ತು. ಅವತ್ತು ಅನ್ನ ಸೇರ್ಲಿಲ್ಲ ನಂಗೆ."

"ನಾ ಮಾಡಿದ್ದು ತಪ್ಪು ರೀ..."

"ಚಿಕ್ಕೋನಿದ್ದಾಗಿಂದ ನಕ್ಕೋರು ಬೇಕಾದಷ್ಟು ಜನ. ಎದುರಿಗೆ ನಿಂತು ಒಪ್ಕೊಂಡೋರು ನೀವೊಬ್ರೇ."

ಅವಳು ಅಳುತ್ತಲೇ ತಲೆ ಎತ್ತಿದಳು. ಅವನ ಕಣ್ಣಲ್ಲೂ ನೀರಿತ್ತು.

"ಇಷ್ಟಪಡೋಳು ಅಂದ್ರಲ್ಲ... ಅ... ಅ..."

ಮಾತು ಸಿಕ್ಕಿಕೊಂಡಿತು. ಬೇರೆಯವರಾಗಿದ್ದರೆ ತಾವೇ ಮುಗಿಸಿಬಿಡುತ್ತಿದ್ದರು. ಅವಳು ಸುಮ್ಮನೆ ಕಾದಳು.

"ಅ... ಅದು ನಿಜಾನಾ?"

"ನಿಜ ರೀ," ಎಂದಳು ಸಂಘಮಿತ್ರಾ. "ನಿಧಾನಕ್ಕೆ ಕೇಳ್ರಿ... ಎಷ್ಟು ಸಲ ಬೇಕಾದ್ರೂ ಹೇಳ್ತೀನಿ."