ಲೈನಿನ ಆ ತುದಿಯಲ್ಲಿ

ಶ್ರೀನಿವಾಸಪುರದ ಕಾಲೇಜಿನಲ್ಲಿ ಮೂವತ್ತು ವರ್ಷ ಹಳೆಯ ಎರಡು ಕಂಪ್ಯೂಟರುಗಳಿದ್ದವು. ಕೋಲಾರದ ಪ್ರದರ್ಶನಕ್ಕೆ ಅವುಗಳಲ್ಲಿ ಇಂಟರ್ನೆಟ್ ಓಡಿಸಬೇಕೆಂದು ಲೆಕ್ಚರರ್ ವಂಶಿಕೃಷ್ಣ ಹಟ ಹಿಡಿದಾಗ, ಲ್ಯಾಬ್ ನೋಡಿಕೊಳ್ಳುತ್ತಿದ್ದ ಸುನಂದ ನಕ್ಕುಬಿಟ್ಟಳು.

"ಇವು ಆನ್ ಆದ್ರೇ ಹೆಚ್ಚು, ಸಾರ್."

"ನೀವು ಕೈ ಇಟ್ರೆ ಓಡ್ತವೆ ಕಣ್ರೀ."

ಅವಳೇ ಓಡಿಸಿದಳು. ಒಂದನ್ನು ಲ್ಯಾಬಿನಲ್ಲಿ, ಇನ್ನೊಂದನ್ನು ಕಾರಿಡಾರಿನಾಚೆ ಅವನ ಕೋಣೆಯಲ್ಲಿಟ್ಟು ನಡುವೆ ಸೀರಿಯಲ್ ಕೇಬಲ್ ಎಳೆದಳು. ಹಳೆಯ ಕೇಬಲ್, ಸೆಕೆಂಡಿಗೆ ಮುನ್ನೂರು ಬಿಟ್ ದಾಟಿದರೆ ಬರೀ ಕಸ. ಒಂದೊಂದು ಅಕ್ಷರವೂ ತನಗಿಂತ ನಲವತ್ತು ಪಟ್ಟು ಉದ್ದದ ವಿಳಾಸ ಹೊತ್ತುಕೊಂಡು, ಸೆಕೆಂಡಿಗೂ ಮಿಕ್ಕಿ ತಡವಾಗಿ ಆ ತುದಿ ಸೇರುತ್ತಿತ್ತು.

ಆಮೇಲೆ ಎರಡು ತಿಂಗಳು ಟೆಸ್ಟಿಂಗಿನ ನೆಪದಲ್ಲಿ ಇಬ್ಬರ ಮಾತುಕತೆ. 'ಊಟ ಆಯ್ತಾ' ಎಂಬ ಅವನ ಪ್ರಶ್ನೆ ಪೂರ್ತಿ ಮೂಡುವವರೆಗೆ ಅವಳು ತುಟಿ ಕಚ್ಚಿ ಕಾಯುವಳು. ಬಾಗಿಲಲ್ಲಿ ಎದುರಾದರೆ ಅವನ ನೋಟ ಅವಳ ಬಳೆಗಳ ಮೇಲೆ ನಿಂತು, ಮೆಲ್ಲಗೆ ಮುಖಕ್ಕೇರುವುದು.

"ನಿಮ್ಮ ಒಂದೊಂದು ಅಕ್ಷರಕ್ಕೂ ಬಾಗಿಲು ತೆಗೆದು ಕೂತಿರ್ತೀನಿ, ಗೊತ್ತಾ?" ಎಂದಿದ್ದ ಒಮ್ಮೆ.

ಪ್ರದರ್ಶನದ ಹಿಂದಿನ ದಿನ ಅವಳು ಇಂಗ್ಲಿಷ್ ಅಕ್ಷರಗಳಲ್ಲೇ ಕನ್ನಡ ಟೈಪಿಸಿದಳು: 'ನನ್ನ ಮದುವೆ ಆಗ್ತೀರಾ?'

ಉತ್ತರಕ್ಕೂ ಮೊದಲು ಕಾರಿಡಾರಿನಾಚೆ ಅವನ ತೆರೆದ ಬಾಗಿಲಿನಿಂದ ಮಾತು ಕೇಳಿಸಿತು. ಮುಳಬಾಗಿಲಿನಿಂದ ಬಂದಿದ್ದ ಅವನ ತಾಯಿ ತಿರುಮಲಮ್ಮ ಪಕ್ಕದಲ್ಲೇ ಕೂತಿದ್ದರು.

"ಎವರ್ರಾ ಈ ಪಿಲ್ಲ?" ಸ್ಕ್ರೀನ್ ಓದಿದ ಅವರು ತೆಲುಗಿನಲ್ಲಿ, ಈ ಹುಡುಗಿ ಯಾರೆಂದು ಕೇಳಿದರು.

"ಲ್ಯಾಬ್ ಹುಡುಗಿ ಅಮ್ಮ. ಏನೋ ಹುಚ್ಚು," ಎಂದು ವಂಶಿ ನಕ್ಕ. ತಾಯಿಯೂ ನಕ್ಕರು.

ಆಮೇಲೆ ಅವಳ ಸ್ಕ್ರೀನಿನಲ್ಲಿ ಅಕ್ಷರಗಳು ಒಂದೊಂದಾಗಿ ಮೂಡಿದವು: 'ಲೈನ್ ಸರಿಯಿಲ್ಲ. ಏನೂ ಬರಲಿಲ್ಲ.'

ಆ ಕಡೆಯ ಕಂಪ್ಯೂಟರ್ ಮಾತ್ರ ಅವಳ ಪ್ರತಿ ಅಕ್ಷರಕ್ಕೂ 'ತಲುಪಿದೆ' ಎಂಬ ಮರುಸುದ್ದಿ ಕಳಿಸಿತ್ತು. ಸುನಂದ ಅದನ್ನು ಎರಡು ಸಲ ನೋಡಿ, ಎದ್ದು ಅವನ ಬಾಗಿಲಿಗೆ ಹೋದಳು.

ಅವನು ಗಾಬರಿಯಿಂದ ಹೊರಗೆ ಬಂದ. "ಅಮ್ಮ ಇದ್ರು, ಅದಕ್ಕೇ ಹಾಗಂದೆ. ನಂಗೂ ನೀವಂದ್ರೆ ಇಷ್ಟಾನೇ. ಆದ್ರೆ ನಂಗೆ ಮದುವೆಗೆ ಹುಡುಗಿ ಗೊತ್ತಾಗಿದೆ."

"ಯಾವಾಗ?"

"ಮೂರು ತಿಂಗಳಾಯ್ತು."

"ಅಂದ್ರೆ, ನಾನು ಕೇಬಲ್ ಎಳೆಯೋಕೂ ಮುಂಚೆ."

ಅವನು ನೆಲ ನೋಡಿದ. "ನಾಳೆ ಕೋಲಾರಕ್ಕೆ ಬರ್ತೀರಲ್ಲ? ನೀವಿಲ್ದೆ ಕನೆಕ್ಷನ್ ಬರಲ್ಲ."

"ನಿಮ್ಮಮ್ಮನ ಮುಂದೆ ಒಂದ್ಸಲ ನನ್ನ ಹೆಸರು ಹೇಳಿ. ಬರ್ತೀನಿ."

ಒಳಗಿಂದ ತಿರುಮಲಮ್ಮ ಕರೆದರು. ಅವನು ಒಳಗೆ ಹೋಗಿ, ಸದ್ದಾಗದಂತೆ ಬಾಗಿಲು ಮುಂದೆ ಮಾಡಿಕೊಂಡ. ಸುನಂದ ಅಲ್ಲೇ ನಿಂತಿದ್ದಳು.

"ಯಾರೋ ವಂಶಿ, ಬಾಗಿಲಲ್ಲಿ?"

"ಯಾರೂ ಇಲ್ಲಮ್ಮ."